ನೆಕ್ ನೋಡಿ ಬೆಲೆ ಕಟ್ಟಿ



ಇವತ್ತಿನ ಮಾತು ಬೇಸ್ ಗಿಟಾರಿನದು. ಅದರಲ್ಲೂ ಹಳೆಯ, ಕಡಿಮೆ ಬೆಲೆಯ ಬೇಸ್ ಗಿಟಾರಿನದು. ಐವತ್ತು ಅರವತ್ತು ವರ್ಷಗಳ ಹಿಂದೆ ಜಪಾನಿನಲ್ಲೋ ಅಮೆರಿಕದಲ್ಲೋ ಜರ್ಮನಿಯಲ್ಲೋ ತಯಾರಾದ ವಾದ್ಯ. ಈಗ ಆನ್‌ಲೈನಿನಲ್ಲಿ ಮಾರಾಟಕ್ಕಿದೆ. ಕೊಳ್ಳುವವರು ಅದನ್ನು ಮುಟ್ಟಿ ನೋಡುವಂತಿಲ್ಲ, ನುಡಿಸಿ ನೋಡುವಂತಿಲ್ಲ. ನಾಲ್ಕಾರು ಫೋಟೋ, ಒಂದಿಷ್ಟು ವಿವರಣೆ. ಅಷ್ಟನ್ನೇ ನೆಚ್ಚಿ ದುಡ್ಡು ಕೊಡಬೇಕು. ಕೊಟ್ಟ ದುಡ್ಡಿಗೆ ಆ ವಾದ್ಯ ಬಾಳುತ್ತದೆಯೇ? ಇದನ್ನು ತೀರ್ಮಾನಿಸುವುದು ಹೇಗೆ?

ಬೇಸ್ ಗಿಟಾರಿನ ಪರಿಚಯ ಇಲ್ಲದವರಿಗೆ ಮೊದಲು ಒಂದೆರಡು ಮಾತು. 1981ರಲ್ಲಿ ಬಂದ ‘ಗೀತಾ’ ಚಿತ್ರ ನಿಮಗೆ ನೆನಪಿರಬಹುದು. ಶಂಕರ್ ನಾಗ್ ನಿರ್ದೇಶಿಸಿದ್ದು, ಇಳಯರಾಜಾ ಸಂಗೀತ ಕೊಟ್ಟದ್ದು. ಆ ಹಾಡುಗಳನ್ನು ಇನ್ನೊಮ್ಮೆ ಕೇಳಿ. ಈ ಸಲ ಗಾಯಕರ ದನಿಯನ್ನು ಸ್ವಲ್ಪ ಬದಿಗಿಟ್ಟು ಕೇಳಿ. ತಾಳವಾದ್ಯದ ಜೊತೆಯಲ್ಲೇ, ತಳದಲ್ಲಿ, ದಪ್ಪ ದನಿಯೊಂದು ಹೆಜ್ಜೆ ಹಾಕುತ್ತಿರುತ್ತದೆ. ಹಾಡನ್ನು ಹೊತ್ತು ನಡೆಯುವ ದನಿ ಅದು. ಅದೇ ಬೇಸ್. ಈ ವಾದ್ಯಕ್ಕೆ ಸಾಮಾನ್ಯವಾಗಿ ನಾಲ್ಕೇ ತಂತಿ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು ನಲವತ್ತು ಸಲ ಮಾತ್ರ ಕಂಪಿಸುತ್ತದೆ. ಅಷ್ಟು ತಗ್ಗಿನ ದನಿ ಸಣ್ಣ ರೇಡಿಯೋದಲ್ಲಿ, ಫೋನಿನ ಸ್ಪೀಕರಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಹೆಡ್‌ಫೋನ್ ಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಬೇಕಾಗುತ್ತದೆ.

ಇನ್ನು ವಾದ್ಯದ ಚರಿತ್ರೆ, ಎರಡೇ ಮಾತಿನಲ್ಲಿ. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಅವರು ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದರು. ಇಂದಿನ ಬೇಸ್ ಗಿಟಾರುಗಳಿಗೆಲ್ಲ ಅದೇ ಮಾದರಿ. 1964ರ ಹೊತ್ತಿಗೆ ಇಂಗ್ಲೆಂಡಿನ ಬೀಟಲ್ಸ್ ಎಂಬ ಸಂಗೀತ ತಂಡದ ಅಲೆ ಎದ್ದಿತು. ಊರೂರಿನ ಹುಡುಗರಿಗೆಲ್ಲ ಗಿಟಾರ್ ಬೇಕಾಯಿತು. ಫೆಂಡರ್ ಕೊಳ್ಳಲು ಎಲ್ಲರ ಕೈಲೂ ಆಗುತ್ತಿರಲಿಲ್ಲ. ಆ ಬೇಡಿಕೆಯನ್ನು ತುಂಬಿದ್ದು ಶಿಕಾಗೋದ ಹಾರ್ಮನಿ, ಕೇ ಕಂಪನಿಗಳು, ಡ್ಯಾನ್‌ಎಲೆಕ್ಟ್ರೋ ಕಂಪನಿ, ಜೊತೆಗೆ ಜಪಾನಿನ ಕಾರ್ಖಾನೆಗಳು. ಆ ಕಾಲದ ಫೆಂಡರ್‌ಗೆ ಈಗ ಹಲವು ಲಕ್ಷ ರೂಪಾಯಿ. ಅದರ ಮಾತು ನಮಗೆ ಇಂದು ಬೇಡ. ಅದೇ ಕಾಲದ ಜಪಾನಿ ಬೇಸ್ ಇನ್ನೂರು, ಮುನ್ನೂರು, ನಾನೂರು ಡಾಲರಿಗೆ ಈಗಲೂ ಸಿಗುತ್ತದೆ. ಅದೇ ನಮ್ಮ ವಿಷಯ.

ಒಂದು ಮಾತನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಇಂದಿನ ಅಗ್ಗದ ಹೊಸ ಬೇಸ್, ಅಂದಿನ ಅಗ್ಗದ ಬೇಸಿಗಿಂತ ಅಚ್ಚುಕಟ್ಟಾಗಿ ತಯಾರಾಗುತ್ತದೆ. ಇಂದು ಮರ ಕೊರೆಯುವ ಯಂತ್ರಕ್ಕೆ ಕಂಪ್ಯೂಟರಿನ ನಿಖರತೆ ಇದೆ. ಕಲಿಯಲು ಹೊರಟವರು ಹೊಸದನ್ನೇ ಕೊಳ್ಳಲಿ. ಹಳತು ಬೇಕಾಗುವುದು ಅದರ ದನಿಗಾಗಿ. ಹಗುರವಾದ ಒಡಲು, ಗಿಡ್ಡ ತಂತಿ, ತಂತಿಯ ಕಂಪನವನ್ನು ಹಿಡಿಯುವ ಮೆತ್ತಗಿನ ಪಿಕಪ್. ಇವೆಲ್ಲ ಸೇರಿ ಬರುವ ಸ್ವರ ಬೇಗ ಅರಳಿ ಬೇಗ ಮುಗಿಯುತ್ತದೆ. ಅದರಲ್ಲಿ ಮರದ ಗುಣ ಇರುತ್ತದೆ. ಆ ದನಿಗೆ ಮನಸೋತವರು ಹೊಸದರಲ್ಲಿ ಅದನ್ನು ಹುಡುಕಿ ಸುಸ್ತಾಗುತ್ತಾರೆ. ನಾನೂ ಆ ದನಿಗೆ ಮನಸೋತವನೇ.

ಹಾಗಾದರೆ ಬೆಲೆ ಕಟ್ಟುವುದು ಯಾವುದಕ್ಕೆ? ವಯಸ್ಸಿಗೋ, ಹೆಸರಿಗೋ, ಬಣ್ಣಕ್ಕೋ? ನನ್ನ ಉತ್ತರ ಒಂದೇ. ಮೊದಲು ನೆಕ್ ನೋಡಿ.

ನೆಕ್ ಎಂದರೆ ಗಿಟಾರಿನ ಉದ್ದನೆಯ ಕತ್ತು, ಎಡಗೈ ಓಡಾಡುವ ಜಾಗ. ಅದರ ಮೇಲೆ ಅಡ್ಡಡ್ಡವಾಗಿ ಲೋಹದ ಸಣ್ಣ ಪಟ್ಟಿಗಳಿರುತ್ತವೆ. ಅವು ಫ್ರೆಟ್‌ಗಳು. ಫೆಂಡರ್ ಮಾದರಿಯಲ್ಲಿ ತಂತಿ ಮಿಡಿಯುವ ಭಾಗ ಸುಮಾರು 86 ಸೆಂಟಿಮೀಟರ್ ಉದ್ದ. ಗಿಡ್ಡ ಮಾದರಿಯಲ್ಲಿ ಸುಮಾರು 76 ಸೆಂಟಿಮೀಟರ್. ಈಗ ಒಂದು ಲೆಕ್ಕ ಕೇಳಿ. ಉದ್ದ ಮಾದರಿಯ ನಾಲ್ಕೂ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವು ನೆಕ್ಕನ್ನು ಎಳೆಯುವ ಬಲ ಹೆಚ್ಚುಕಡಿಮೆ ಎಪ್ಪತ್ತು ಕಿಲೋ ತೂಕದಷ್ಟು. ಆಳೊಬ್ಬ ಜೋತುಬಿದ್ದಂತೆ. ಗಿಡ್ಡ ಮಾದರಿಯಲ್ಲಿ ಎಳೆತ ಸ್ವಲ್ಪ ಕಡಿಮೆ, ಆದರೂ ಕಡಿಮೆಯೇನಲ್ಲ. ಆ ಎಳೆತ ಅರವತ್ತು ವರ್ಷ ನಡೆದಿದೆ. ಮರ ಬಾಗದೆ ಇರುತ್ತದೆಯೇ?

ಬಾಗುವುದನ್ನು ತಿದ್ದಲು ಒಂದು ಉಪಾಯ 1920ರ ದಶಕದಲ್ಲೇ ಬಂತು. ಅಮೆರಿಕದ ಗಿಬ್ಸನ್ ಕಂಪನಿ ಅದಕ್ಕೆ ಪೇಟೆಂಟ್ ಪಡೆಯಿತು. ನೆಕ್ಕಿನ ಒಳಗೆ ಉಕ್ಕಿನ ಸರಳು. ಅದರ ತುದಿಯಲ್ಲಿ ತಿರುಪು. ತಿರುಪು ಬಿಗಿ ಮಾಡಿದರೆ ನೆಕ್ ಹಿಂದಕ್ಕೆ ಸರಿದು ನೇರವಾಗುತ್ತದೆ. ಇದಕ್ಕೆ ಟ್ರಸ್ ರಾಡ್ ಎನ್ನುತ್ತಾರೆ. ಆದರೆ ಅರವತ್ತರ ದಶಕದ ಎಷ್ಟೋ ಅಗ್ಗದ ಗಿಟಾರುಗಳಲ್ಲಿ ಈ ತಿರುಪು ಇಲ್ಲ. ಬರೀ ಉಕ್ಕಿನ ಪಟ್ಟಿಯೊಂದನ್ನು ಒಳಗೆ ಹುದುಗಿಸಿಬಿಟ್ಟಿದ್ದರು. ಅಂಥ ಜಪಾನಿ ಗಿಟಾರಿನ ಬೆನ್ನು ತಿರುಗಿಸಿದರೆ, ನೆಕ್ ಮತ್ತು ಒಡಲು ಕೂಡುವ ಕಡೆ ಒಂದು ಲೋಹದ ತಗಡು ಇರುತ್ತದೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಅದರ ಮೇಲೆ ಇಂಗ್ಲಿಷಿನಲ್ಲಿ ‘ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್’ ಎಂದು, ಕೆಳಗೆ ‘ಮೇಡ್ ಇನ್ ಜಪಾನ್’ ಎಂದು ಒತ್ತಿರುವುದುಂಟು. ಈ ತಗಡನ್ನು ಕಂಡರೆ ಒಂದು ಪ್ರಶ್ನೆ ಕೇಳಲೇಬೇಕು. ಒಳಗಿರುವುದು ತಿರುಗಿಸಬಹುದಾದ ಸರಳೋ, ಸುಮ್ಮನೆ ಪಟ್ಟಿಯೋ? ಪಟ್ಟಿ ಮಾತ್ರ ಇದ್ದು ನೆಕ್ ಬಾಗಿದ್ದರೆ, ಕಾವು ಕೊಟ್ಟು ಒತ್ತಿ ನೇರ ಮಾಡಬೇಕು. ಇಲ್ಲವೇ ಫ್ರೆಟ್‌ಗಳನ್ನೆಲ್ಲ ಕಿತ್ತು, ಮರ ಹೆರೆದು, ಹೊಸ ಫ್ರೆಟ್ ಕೂರಿಸಬೇಕು. ಆ ಕೂಲಿ ಗಿಟಾರಿನ ಬೆಲೆಯನ್ನೇ ಮೀರಬಹುದು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಅಗ್ಗದ ಹಳೆಯ ಬೇಸ್ ಕೊಳ್ಳುವುದು ದನಿಗಾಗಿ. ಆ ದನಿ ನಮ್ಮ ಕೈಗೆ ಸಿಗಬೇಕಾದರೆ ನೆಕ್ ನೇರವಾಗಿರಬೇಕು. ಸರಿ, ಸಾವಿರಾರು ಮೈಲಿ ದೂರದ ನೆಕ್ಕನ್ನು ಇಲ್ಲಿ ಕುಳಿತು ನೋಡುವುದು ಹೇಗೆ?

ಮಾರುವವರನ್ನು ಕೇಳಿ. ಸಂಕೋಚ ಬೇಡ. ಹೆಚ್ಚಿನವರು ಹಾಕುವ ಫೋಟೋ ಗೋಡೆಗೆ ಒರಗಿಸಿಟ್ಟ ಗಿಟಾರಿನ ಮುಂಭಾಗದ್ದು. ಅದರಲ್ಲಿ ಬಣ್ಣ ಕಾಣುತ್ತದೆ, ಬಾಗು ಕಾಣುವುದಿಲ್ಲ. ನಮಗೆ ಬೇಕಾದ ಫೋಟೋ ಬೇರೆ. ಕ್ಯಾಮೆರಾವನ್ನು ಗಿಟಾರಿನ ತಲೆಯ ತುದಿಗೆ ತಾಗಿಸಿದಂತೆ ಹಿಡಿದು, ನೆಕ್ಕಿನ ಅಂಚಿನುದ್ದಕ್ಕೂ ಒಡಲಿನ ಕಡೆಗೆ ನೋಡುವ ಫೋಟೋ. ಬಡಗಿ ಹಲಗೆಯನ್ನು ಒಂದು ಕಣ್ಣು ಮುಚ್ಚಿ ನೋಡುತ್ತಾನಲ್ಲ, ಹಾಗೆಯೇ. ಎರಡೂ ಅಂಚಿನದು ಬೇಕು. ಒಂದು ಅಂಚು ನೇರ, ಇನ್ನೊಂದು ಡೊಂಕು ಎಂದಾದರೆ ನೆಕ್ ತಿರುಚಿಕೊಂಡಿದೆ ಎಂದರ್ಥ. ತಿರುಚಿದ ನೆಕ್ಕಿನ ಗಿಟಾರನ್ನು ಬಿಟ್ಟುಬಿಡಿ. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಇನ್ನೊಂದು ಷರತ್ತು ಹಾಕಬೇಕು. ಆ ಫೋಟೋ ತೆಗೆಯುವಾಗ ತಂತಿಗಳು ಶ್ರುತಿಯಲ್ಲಿರಬೇಕು. ತಂತಿ ಸಡಿಲ ಬಿಟ್ಟರೆ ಎಳೆತ ಇಲ್ಲ. ಎಳೆತ ಇಲ್ಲದಾಗ ಬಾಗಿದ ನೆಕ್ಕೂ ನೇರವಾಗಿ ಕಾಣಬಹುದು. ಮಾರುವವರು ಬೇಕೆಂದೇ ಹೀಗೆ ಮಾಡುತ್ತಾರೆ ಎಂದಲ್ಲ. ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಅಜ್ಜನ ಅಟ್ಟದಲ್ಲಿ ಸಿಕ್ಕಿತು, ಫೋಟೋ ಹಾಕಿದರು, ಅಷ್ಟೆ.

ಆಮೇಲೆ ತಂತಿಯ ಎತ್ತರ. ಹನ್ನೆರಡನೆಯ ಫ್ರೆಟ್ ತಂತಿಯ ನಡುಮಧ್ಯದಲ್ಲಿರುತ್ತದೆ. ಅಲ್ಲಿ ದಪ್ಪ ತಂತಿಗೂ ಫ್ರೆಟ್‌ಗೂ ನಡುವೆ ಎರಡೂವರೆ, ಮೂರು ಮಿಲಿಮೀಟರ್ ಸಂದು ಇದ್ದರೆ ಹಿತ. ಐದಾದರೆ ಬೆರಳು ನೋಯುತ್ತದೆ, ಸ್ವರವೂ ಶ್ರುತಿ ತಪ್ಪುತ್ತದೆ. ಅಮೆರಿಕದಲ್ಲಿ ಮಾರುವವರಿಗೆ ಅಳೆಯಲು ಹೇಳುವ ಸುಲಭ ಹಾದಿಯೊಂದಿದೆ. ಅಲ್ಲಿನ ಕಾಲು ಡಾಲರ್ ನಾಣ್ಯ ಸುಮಾರು ಒಂದೂ ಮುಕ್ಕಾಲು ಮಿಲಿಮೀಟರ್ ದಪ್ಪ. ಎರಡು ನಾಣ್ಯ ಒಂದರ ಮೇಲೊಂದಿಟ್ಟು ಆ ಸಂದಿಗೆ ತೂರಿಸಲು ಹೇಳಿ. ತಂತಿಗೆ ತಾಗದೆ ಸಲೀಸಾಗಿ ನುಗ್ಗಿದರೆ ಎತ್ತರ ಜಾಸ್ತಿ. ಆಗ ಮುಂದಿನ ಪ್ರಶ್ನೆ: ಬ್ರಿಡ್ಜ್ ಇನ್ನೂ ತಗ್ಗಿಸಬಹುದೇ? ಬ್ರಿಡ್ಜ್ ಎಂದರೆ ಒಡಲಿನ ಮೇಲೆ ತಂತಿಗಳು ಕೂರುವ ಆಸರೆ. ಅದು ಆಗಲೇ ತಳ ಮುಟ್ಟಿದ್ದರೆ ಹುಷಾರು.

ಇಲ್ಲಿ ಒಂದು ಸಮಾಧಾನವೂ ಇದೆ. ನೆಕ್ ನೇರವಾಗಿದ್ದು, ತಂತಿ ಮಾತ್ರ ಎತ್ತರವಾಗಿದ್ದರೆ ಹೆದರಬೇಕಿಲ್ಲ. ಸ್ಕ್ರೂ ಹಾಕಿ ಕೂರಿಸಿದ ನೆಕ್ಕಾದರೆ ನಾಲ್ಕು ಸ್ಕ್ರೂ ಬಿಚ್ಚಿ, ಅದರ ಬುಡದಲ್ಲಿ ತೆಳು ಮರದ ಚಕ್ಕೆಯೊಂದನ್ನು ಇಟ್ಟು ಮತ್ತೆ ಬಿಗಿದರೆ ಕೋನ ಬದಲಾಗುತ್ತದೆ. ತಂತಿ ಕೆಳಗಿಳಿಯುತ್ತದೆ. ಅರ್ಧ ಗಂಟೆಯ ಕೆಲಸ. ಇದನ್ನು ಬಲ್ಲವರು ಇತರರು ಕೈಬಿಟ್ಟ ಒಳ್ಳೆಯ ವಾದ್ಯವನ್ನು ಕಡಿಮೆ ಬೆಲೆಗೆ ಎತ್ತಿಕೊಳ್ಳುತ್ತಾರೆ.

ಅಂಟಿನಿಂದ ಕೂಡಿಸಿದ ನೆಕ್ಕಾದರೆ ಕಥೆ ಬೇರೆ. ಉದಾಹರಣೆಗೆ ಗಿಬ್ಸನ್ ಕಂಪನಿಯ ಇಬಿ-ಜೀರೋ. 1959ರಲ್ಲಿ ಬಂದ ಗಿಡ್ಡ ಮಾದರಿ. ಅದರ ತಲೆ ಹಿಂದಕ್ಕೆ ವಾಲಿರುತ್ತದೆ. ಗಿಟಾರ್ ಬಿದ್ದರೆ ಪೆಟ್ಟು ತಗಲುವುದು ತಲೆ ಮತ್ತು ನೆಕ್ ಕೂಡುವ ಕಡೆಗೆ. ಅಲ್ಲಿ ಕೂದಲೆಳೆಯಂಥ ಗೆರೆ ಇದೆಯೇ ಎಂದು ಓರೆ ಬೆಳಕಿನಲ್ಲಿ ಫೋಟೋ ತೆಗೆಸಿ. ಒಮ್ಮೆ ಮುರಿದು ಅಂಟಿಸಿದ್ದು ಚೆನ್ನಾಗಿ ನುಡಿಯಬಹುದು. ಬೆಲೆ ಮಾತ್ರ ಅರ್ಧದ ಹತ್ತಿರಕ್ಕೆ ಇಳಿಯಬೇಕು.

ನೆಕ್ ಆಯಿತು. ಇನ್ನು ಹೆಸರಿನ ವಿಚಾರ. ಜಾಹೀರಾತಿನಲ್ಲಿ ಮೊದಲು ಕಾಣುವುದು ಹೆಸರೇ. ಟೈಸ್ಕೊ ಡೆಲ್ ರೇ, ಕಿಂಗ್‌ಸ್ಟನ್, ಕೆಂಟ್, ನಾರ್ಮಾ, ಸಿಲ್ವರ್‌ಟೋನ್. ಇವುಗಳಲ್ಲಿ ಹೆಚ್ಚಿನವು ಕಾರ್ಖಾನೆಯ ಹೆಸರಲ್ಲ. ಅಮೆರಿಕದ ಆಮದುದಾರರು, ಅಂಗಡಿಗಳು ತಮಗೆ ಬೇಕಾದ ಹೆಸರು ಹಾಕಿಸಿಕೊಳ್ಳುತ್ತಿದ್ದರು. ಸಿಲ್ವರ್‌ಟೋನ್ ಎಂಬುದು ಸಿಯರ್ಸ್ ಎಂಬ ದೊಡ್ಡ ಅಂಗಡಿಯ ಹೆಸರು. ಆ ಹೆಸರಿನಡಿ ಹಾರ್ಮನಿಯ ಗಿಟಾರೂ ಬಂತು, ಡ್ಯಾನ್‌ಎಲೆಕ್ಟ್ರೋದ್ದೂ ಬಂತು, ಆಮೇಲೆ ಜಪಾನಿನದೂ ಬಂತು. ಟೈಸ್ಕೊ ಮಾತ್ರ ನಿಜವಾದ ಕಂಪನಿ. 1946ರಲ್ಲಿ ಟೋಕಿಯೋದಲ್ಲಿ ಹುಟ್ಟಿ, 1967ರಲ್ಲಿ ಕವಾಯ್ ಕಂಪನಿಯ ಕೈಸೇರಿತು. ಹಾಗಾಗಿ ಒಂದೇ ಕಾರ್ಖಾನೆಯ ವಾದ್ಯಗಳು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬೆಲೆಯಲ್ಲಿ ಇಂದಿಗೂ ಓಡಾಡುತ್ತಿವೆ. ಪಿಕಪ್ಪಿನ ಮುಚ್ಚಳ, ಬಿರಡೆ, ಬ್ರಿಡ್ಜ್ ಇವನ್ನು ಹೋಲಿಸಿ ನೋಡಿದರೆ ಸಂಬಂಧ ಗೊತ್ತಾಗುತ್ತದೆ. ಹೆಸರು ಕಡಿಮೆ ಪ್ರಸಿದ್ಧವಾದಷ್ಟೂ ಕೊಳ್ಳುವವರಿಗೆ ಲಾಭ.

ಎಪ್ಪತ್ತರ ದಶಕದ ಜಪಾನ್ ಬೇರೆಯೇ. ನಾಗಾನೋ ಪ್ರಾಂತದ ಮಾತ್ಸುಮೋಟೋ ಎಂಬ ಊರಿನಲ್ಲಿ ಮಾತ್ಸುಮೋಕು ಎಂಬ ಕಾರ್ಖಾನೆ ಇತ್ತು. ಮೊದಲು ಅಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮರದ ಪೆಟ್ಟಿಗೆ ತಯಾರಾಗುತ್ತಿತ್ತು. ಆ ಮರಗೆಲಸದ ಕೈಗಳೇ ಗಿಟಾರಿಗೆ ತಿರುಗಿದವು. ಅದೇ ಊರಿನಲ್ಲಿ 1960ರಲ್ಲಿ ಶುರುವಾದ ಫುಜಿಗೆನ್ ಕಂಪನಿ ಐಬನೇಜ್ ಹೆಸರಿನ ಗಿಟಾರುಗಳನ್ನು ಮಾಡಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅಲ್ಲಿಂದ ಬಂದ ಬೇಸ್‌ಗಳು ಅಮೆರಿಕದ ವಾದ್ಯಗಳ ಪಕ್ಕದಲ್ಲಿ ತಲೆಯೆತ್ತಿ ನಿಂತವು. ತಿರುಗಿಸಬಹುದಾದ ಟ್ರಸ್ ರಾಡ್, ನೇರ ನೆಕ್, ಗಟ್ಟಿ ಲೋಹ. ಸ್ವಲ್ಪ ಹೆಚ್ಚು ದುಡ್ಡು ಕೂಡಿಸಲು ಆಗುವವರಿಗೆ ನಾನು ಹೇಳುವುದು ಇವನ್ನೇ.

ಆದರೆ ಇವುಗಳ ಜೊತೆಗೆ ಒಂದು ಪದ ಅಂಟಿಕೊಂಡಿರುತ್ತದೆ: ಲಾಸ್ಯೂಟ್, ಅಂದರೆ ದಾವೆ. ‘ದಾವೆ ಕಾಲದ ಗಿಟಾರ್’ ಎಂದು ಬರೆದು ಬೆಲೆ ಏರಿಸುತ್ತಾರೆ. ನಡೆದದ್ದು ಇಷ್ಟೆ. 1977ರಲ್ಲಿ ಗಿಬ್ಸನ್ನಿನ ಒಡೆತನ ಹೊಂದಿದ್ದ ನಾರ್ಲಿನ್ ಕಂಪನಿ, ಐಬನೇಜನ್ನು ಅಮೆರಿಕದಲ್ಲಿ ಮಾರುತ್ತಿದ್ದ ಎಲ್ಗರ್ ಎಂಬ ಕಂಪನಿಯ ಮೇಲೆ ಫಿಲಡೆಲ್ಫಿಯಾದಲ್ಲಿ ದಾವೆ ಹೂಡಿತು. ವ್ಯಾಜ್ಯ ಇದ್ದದ್ದು ಗಿಬ್ಸನ್ ಗಿಟಾರಿನ ತಲೆಯ ಆಕಾರವನ್ನು ನಕಲು ಮಾಡಿದ್ದರ ಬಗ್ಗೆ. ಮರುವರ್ಷ ರಾಜಿಯಾಯಿತು. ಉಳಿದ ನೂರಾರು ಜಪಾನಿ ನಕಲುಗಳಿಗೂ ಆ ದಾವೆಗೂ ಸಂಬಂಧವಿಲ್ಲ. ಆ ಪದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ವಯಸ್ಸನ್ನು ಪರೀಕ್ಷಿಸಲು ಒಂದು ಹಾದಿ ಹೇಳುತ್ತೇನೆ. ಇದು ಅಮೆರಿಕದ ಗಿಟಾರುಗಳಿಗೆ ಮಾತ್ರ. ದನಿ ಹೆಚ್ಚು ಕಡಿಮೆ ಮಾಡುವ ಗುಬ್ಬಿ ಇದೆಯಲ್ಲ, ಅದರ ಅಡಿಯಲ್ಲಿ, ಒಡಲಿನ ಒಳಗೆ, ಪೊಟೆನ್ಷಿಯೋಮೀಟರ್ ಎಂಬ ಸಣ್ಣ ದುಂಡು ಡಬ್ಬಿ ಇರುತ್ತದೆ. ಅದರ ಬೆನ್ನ ಮೇಲೆ ಅಂಕಿಗಳನ್ನು ಒತ್ತಿರುತ್ತಾರೆ. ಒಂದು ಮೂರು ಏಳು, ಆರು ಆರು, ನಾಲ್ಕು ಐದು ಎಂದಿದೆ ಎನ್ನಿ. ಮೊದಲ ಮೂರು ಅಂಕಿ ಡಬ್ಬಿ ತಯಾರಿಸಿದವರ ಗುರುತು. 137 ಎಂದರೆ ಸಿಟಿಎಸ್ ಕಂಪನಿ. ಮುಂದಿನ ಎರಡು ಅಂಕಿ ವರ್ಷದ್ದು, ಅಂದರೆ 1966. ಕೊನೆಯ ಎರಡು ಅಂಕಿ ವಾರದ್ದು, ಅಂದರೆ ನಲವತ್ತೈದನೆಯದು. ಡಬ್ಬಿ ಮೊದಲಿನದೇ ಆಗಿದ್ದರೆ ಗಿಟಾರ್ ಆ ವಾರಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹೊಸದಾಗಿರಬಹುದು. ಫೆಂಡರ್ ಕಾರ್ಖಾನೆಯೇ 1966ರಲ್ಲಿ ದೊಡ್ಡ ದಾಸ್ತಾನು ಕೊಂಡು ಮುಂದಿನ ವರ್ಷಗಳಲ್ಲೂ ಬಳಸಿತು. ಮಾರುವವರು ‘1964ರದು’ ಎಂದು ಹೇಳಿ ಡಬ್ಬಿ 1966 ಎಂದರೆ, ಒಂದೋ ವರ್ಷ ತಪ್ಪು, ಇಲ್ಲವೇ ಡಬ್ಬಿ ಬದಲಾಗಿದೆ. ಎರಡರಲ್ಲಿ ಯಾವುದಾದರೂ ಬೆಲೆ ಇಳಿಯಬೇಕು.

ಮತ್ತೆ ನೆನಪಿಸುತ್ತೇನೆ. ನೆಕ್ ನೇರವೇ ಎಂಬುದು ಮೊದಲು. ಹೆಸರು, ವಯಸ್ಸು ಆಮೇಲೆ. ಇನ್ನು ಪಿಕಪ್ಪಿನ ಮಾತು.

ಪಿಕಪ್ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡುವ ಭಾಗ. ಆಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿ. ಡ್ಯಾನ್‌ಎಲೆಕ್ಟ್ರೋದ ನೇಥನ್ ಡೇನಿಯಲ್ ಅವರು ಇದನ್ನು ಲಿಪ್‌ಸ್ಟಿಕ್ಕಿನ ಲೋಹದ ಕೊಳವೆಯೊಳಗೆ ಕೂರಿಸಿದರು. ಒಡಲಿಗೆ ಬಳಸಿದ್ದು ಮೇಸನೈಟ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಅಷ್ಟು ಸಾದಾ ಸಾಮಗ್ರಿಯಿಂದ ಹುಟ್ಟಿದ ದನಿಯನ್ನು ಜನ ಇಂದಿಗೂ ಹುಡುಕಿಕೊಂಡು ಬರುತ್ತಾರೆ. ನನಗೆ ಈ ಮನುಷ್ಯನ ಬಗ್ಗೆ ಅಪಾರ ಗೌರವ. ಬಡ ಮನೆಯ ಹುಡುಗನ ಕೈಗೂ ವಾದ್ಯ ಸಿಗಬೇಕು, ಅದು ಚೆನ್ನಾಗಿಯೂ ನುಡಿಯಬೇಕು. ಅವರ ಗಿಟಾರುಗಳಲ್ಲಿ ಇವೆರಡೂ ಒಟ್ಟಿಗೆ ಆಗಿವೆ.

ಪಿಕಪ್ ಜೀವಂತವಾಗಿದೆಯೇ ಎಂದು ತಿಳಿಯಲು ಮಾರುವವರು ವಿಡಿಯೋ ಕಳಿಸುತ್ತಾರೆ. ಆರಂಭದಲ್ಲಿ ಹೇಳಿದ ಮಾತು ಈಗ ನೆನಪಿಸಿಕೊಳ್ಳಿ. ಫೋನಿನಲ್ಲಿ ತೆಗೆದ ವಿಡಿಯೋದಲ್ಲೂ ಬೇಸಿನ ತಳದ ದನಿ ಸರಿಯಾಗಿ ಬರುವುದಿಲ್ಲ. ಅದನ್ನು ಕೇಳಿ ‘ಸಪ್ಪೆಯಾಗಿದೆ’ ಎಂದೋ ‘ಚೆನ್ನಾಗಿದೆ’ ಎಂದೋ ತೀರ್ಮಾನಿಸಬೇಡಿ. ಶಬ್ದ ಬರುತ್ತದೆ ಎಂಬುದಷ್ಟೇ ಅದರಿಂದ ತಿಳಿಯುವುದು. ಶಬ್ದ ಬಾರದಿದ್ದರೆ ಮಲ್ಟಿಮೀಟರ್ ಹಿಡಿದು ನೋಡಲು ಹೇಳಿ. ಕೆಲವು ಸಾವಿರ ಓಮ್ ತೋರಿಸಿದರೆ ಪಿಕಪ್ ಹೆಚ್ಚುಕಡಿಮೆ ಸರಿಯಿದೆ, ವೈರೋ ಸ್ವಿಚ್ಚೋ ಹೋಗಿದೆ. ಅದು ಸಣ್ಣ ರಿಪೇರಿ. ಮುಳ್ಳು ಅಲುಗದಿದ್ದರೆ ಒಳಗಿನ ತಾಮ್ರ ತುಂಡಾಗಿದೆ. ಮತ್ತೆ ಸುತ್ತಿಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಈಗ ಬೆಲೆಯ ಮಾತಿಗೇ ಬರೋಣ. ಆನ್‌ಲೈನಿನಲ್ಲಿ ಎರಡು ಬೆಲೆ ಇರುತ್ತವೆ. ಕೇಳುವ ಬೆಲೆ, ಮಾರಾಟವಾದ ಬೆಲೆ. ಇಬೇಯಂಥ ತಾಣಗಳಲ್ಲಿ ಈಗಾಗಲೇ ಮಾರಾಟವಾದವನ್ನು ಮಾತ್ರ ತೋರಿಸು ಎಂದು ಕೇಳಬಹುದು. ಅದನ್ನೇ ನೋಡಿ. ಎಂಟುನೂರು ಡಾಲರ್ ಕೇಳಿ ವರ್ಷದಿಂದ ಹಾಗೇ ಕೂತಿರುವ ಗಿಟಾರ್ ಬೆಲೆಗೆ ಸಾಕ್ಷಿಯಲ್ಲ. ಆಮೇಲೆ ಕೂಡುವ ಲೆಕ್ಕ. ಗಿಟಾರಿನ ಬೆಲೆ, ಸಾಗಣೆ, ವಿಮೆ, ಹೊಸ ತಂತಿ, ರಿಪೇರಿ. ಭಾರತಕ್ಕೆ ತರಿಸುವುದಾದರೆ ಕಸ್ಟಮ್ಸ್ ಸುಂಕ. ಆ ಸುಂಕ ಗಿಟಾರಿನ ಬೆಲೆಗಷ್ಟೇ ಅಲ್ಲ, ಸಾಗಣೆ ಮತ್ತು ವಿಮೆ ಕೂಡಿಸಿದ ಮೊತ್ತಕ್ಕೆ. ಇನ್ನೂರು ಡಾಲರಿನ ಗಿಟಾರ್ ಮನೆ ಸೇರುವ ಹೊತ್ತಿಗೆ ಎರಡರಷ್ಟಾದರೆ ಆಶ್ಚರ್ಯವಿಲ್ಲ. 

ಗಡಿ ದಾಟಿಸುವವರಿಗೆ ಇನ್ನೊಂದು ಎಚ್ಚರ. ಆ ಕಾಲದ ಅಮೆರಿಕದ ಗಿಟಾರುಗಳ ನೆಕ್ಕಿನ ಮುಖಕ್ಕೆ ಬ್ರೆಜಿಲಿನ ರೋಸ್‌ವುಡ್ ಬಳಸುವುದಿತ್ತು. ಅದು ನಮ್ಮ ಬೀಟೆಯ ಬಳಗದ ಮರ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಒಪ್ಪಂದದಡಿ 1992ರಿಂದ ಅದಕ್ಕೆ ಕಠಿಣ ನಿರ್ಬಂಧ ಇದೆ. ಪರವಾನಗಿ ಇಲ್ಲದೆ ಗಡಿಯಾಚೆಗೆ ಮಾರಿ ಕಳಿಸುವಂತಿಲ್ಲ. ಆ ಮರ ಸಿಗುವುದು ಕಷ್ಟವಾದ ಮೇಲೆ ಗಿಟಾರ್ ಕಂಪನಿಗಳು ಹೊರಳಿದ್ದು ಭಾರತದ ಬೀಟೆಯ ಕಡೆಗೆ, ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಮರದ ಕಡೆಗೆ.

ಇಷ್ಟೆಲ್ಲ ನೋಡಿ ಕೊಂಡ ಅಗ್ಗದ ವಾದ್ಯದಿಂದ ದೊಡ್ಡ ಸಂಗೀತ ಬಂದೀತೇ? 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಊರಿನಲ್ಲಿ ಪಾಲ್ ಮೆಕಾರ್ಟ್ನಿ ಎಂಬ ಹುಡುಗ ಒಂದು ಬೇಸ್ ಕೊಂಡ. ಹಾಫ್ನರ್ ಕಂಪನಿಯದು, ಪಿಟೀಲಿನ ಆಕಾರದ್ದು. ಸುಮಾರು ಮೂವತ್ತು ಪೌಂಡು. ಫೆಂಡರ್‌ಗೆ ನೂರು ಪೌಂಡಿನಷ್ಟು ಆಗುತ್ತಿತ್ತು, ಅವನ ಬಳಿ ಅಷ್ಟಿರಲಿಲ್ಲ. ಅವನು ಎಡಚ. ಎಡಬಲ ಒಂದೇ ರೀತಿ ಇದ್ದ ಆಕಾರ ಅವನಿಗೆ ಹಿಡಿಸಿತು. ಅವನಿದ್ದ ಬೀಟಲ್ಸ್ ತಂಡದ ಮೊದಲ ಹಾಡುಗಳ ಬೇಸ್ ಅದೇ. 1972ರಲ್ಲಿ ಲಂಡನ್ನಿನಲ್ಲಿ ಅದು ಕಳುವಾಯಿತು. ಐವತ್ತು ವರ್ಷ ಕಳೆದ ಮೇಲೆ ಇಂಗ್ಲೆಂಡಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕಿ, ಒಡೆಯನ ಕೈಸೇರಿದ ಸುದ್ದಿ 2024ರಲ್ಲಿ ಬಂತು. ಆ ಒಂದು ಗಿಟಾರಿಗೆ ಇಂದು ಬೆಲೆ ಕಟ್ಟಲಾಗದು. ಆದರೆ ಅದೇ ಕಾರ್ಖಾನೆಯ, ಅದೇ ಕಾಲದ ಇನ್ನೊಂದು ಬೇಸಿನ ನೆಕ್ ಬಾಗಿದ್ದರೆ, ನುಡಿಸುವವರಿಗೆ ಅದರಿಂದ ಉಪಯೋಗವಿಲ್ಲ.

ಕೊನೆಗೆ, ಪೆಟ್ಟಿಗೆ ಮನೆಗೆ ಬಂದ ದಿನದ ಕೆಲಸ. ಕೂಡಲೇ ತಂತಿ ಬಿಗಿಯಬೇಡಿ. ಒಣ ಹವೆಯ ಊರಿನಿಂದ ಮಂಗಳೂರಿನ ಮಳೆಗಾಲಕ್ಕೆ ಬಂದ ಮರ ತೇವ ಕುಡಿಯುತ್ತದೆ. ಪೆಟ್ಟಿಗೆ ತೆರೆದು ಒಂದು ದಿನ ಕೋಣೆಯಲ್ಲಿ ಬಿಡಿ. ಮರುದಿನ ಶ್ರುತಿ ಮಾಡಿ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಬಿಗಿದ ತಂತಿಯೇ ಈಗ ನಿಮ್ಮ ಅಳತೆಪಟ್ಟಿ. ನಡುವಿನ ಏಳು ಎಂಟನೆಯ ಫ್ರೆಟ್ ಹತ್ತಿರ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿದ್ದರೆ ನೆಕ್ ಸರಿಯಿದೆ. ಸಂದು ಅದಕ್ಕಿಂತ ತೀರಾ ಹೆಚ್ಚಿದ್ದರೆ ಫೋಟೋ ತೆಗೆದು ಮಾರಿದವರಿಗೆ ಅಂದೇ ಬರೆಯಿರಿ. ವಾಪಸು ಕಳಿಸಲು ಕೊಡುವ ಗಡುವು ಚಿಕ್ಕದು. ವಾದ್ಯ ಬಂದ ಪೆಟ್ಟಿಗೆ, ಒಳಗಿನ ಸ್ಪಂಜು, ಕಾಗದ ಯಾವುದನ್ನೂ ಆ ಗಡುವು ಮುಗಿಯುವವರೆಗೆ ಎಸೆಯಬೇಡಿ.